ಹಿಂಡುವುದು, ಆರಿಸುವುದು: ಎರಡು ಮಾತು

ಮಕ್ಕಳ ಊಟದ ಡಬ್ಬಿಯ ಕುರಿತ ಲೇಖನವೊಂದನ್ನು ಓದಿದೆ. ಅದರಲ್ಲಿ ತುರಿದ ತರಕಾರಿಯನ್ನು ಹಿಟ್ಟಿನೊಂದಿಗೆ ಕಲಸಿ ಕಾವಲಿಯ ಮೇಲೆ ಬೇಯಿಸುವ ಪುಟ್ಟ ಬಿಲ್ಲೆಗಳ ವಿಧಾನವನ್ನು ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡದಿದ್ದರೆ ಬಿಲ್ಲೆಯ ಹೊರಮೈ ಕೆಂಪಾದರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ ಎಂಬುದನ್ನು ನಾನು ಹಲವು ಬಾರಿ ಕೆಡಿಸಿಕೊಂಡೇ ಕಲಿತೆ. ಹಿಂಡಿದ ನೀರನ್ನು ಚೆಲ್ಲದೆ ಸೂಪ್‌ಗೆ ಬಳಸಬಹುದು.

ಊಟದ ಡಬ್ಬಿಗೆ ಹಾಕುವಾಗ ಬಿಲ್ಲೆಗಳು ಪೂರ್ತಿ ಆರಿರಬೇಕು. ಬಿಸಿಯಾಗಿರುವಾಗಲೇ ಮುಚ್ಚಿದರೆ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿದು, ಗರಿಗರಿಯಾಗಿದ್ದುದೆಲ್ಲ ಮೆತ್ತಗಾಗುತ್ತದೆ.

ಜೊತೆಗೆ ಹಸಿ ಕ್ಯಾರೆಟ್ ತುಂಡುಗಳನ್ನು ಇಡಬಹುದೆಂಬ ಲೇಖನದ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. 4 ವರ್ಷದೊಳಗಿನ ಮಕ್ಕಳಿಗೆ ಅಂತಹ ಗಟ್ಟಿ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಅದನ್ನು ಬೆರಳಿನಿಂದ ಒತ್ತಿದರೆ ನುರಿಯುವಷ್ಟು ಮೆತ್ತಗೆ ಬೇಯಿಸಿ ಅಥವಾ ಸಣ್ಣಗೆ ತುರಿದು ಕೊಡುವುದೇ ಸರಿ.