ಗ್ರೀನ್‌ಲ್ಯಾಂಡ್ ಅಷ್ಟು ದೊಡ್ಡದಲ್ಲ ಮಾರಾಯ್ರೆ

'ಬಿಳಿಯರು ಬೇಕಂತಲೇ ಆಫ್ರಿಕಾವನ್ನು ಕುಗ್ಗಿಸಿ ನಕ್ಷೆ ಬರೆದರು' ಅನ್ನೋ ವಾಟ್ಸಾಪ್ ಫಾರ್ವರ್ಡ್ ಈ ವಾರ ಮೂರನೇ ಸಲ ಬಂತು. ಆಫ್ರಿಕಾ ಗ್ರೀನ್‌ಲ್ಯಾಂಡಿನ 14 ಪಟ್ಟು ದೊಡ್ಡದು, ಗೋಡೆಗೆ ನೇತುಹಾಕುವ ಭೂಪಟದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಅಳತೆ ಕಾಣುತ್ತವೆ ಅನ್ನೋದು ನಿಜ. 'ಬೇಕಂತಲೇ' ಅನ್ನೋದು ಒಗ್ಗರಣೆ.

1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಅನ್ನೋ ನಕ್ಷೆಗಾರ ಆ ಪಟ ಬರೆದದ್ದು ಶಾಲೆ ಗೋಡೆಗಲ್ಲ, ಹಡಗಿನವರಿಗೆ. ಎರಡು ಬಂದರುಗಳ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಆ ಕೋನಕ್ಕೇ ದಿಕ್ಸೂಚಿ ಹಿಡಿದು ಸಾಗಿದರೆ ಊರು ಸಿಗುತ್ತದೆ. ಗೋಳದ ಮೇಲೆ ರೇಖಾಂಶಗಳು ಧ್ರುವದಲ್ಲಿ ಕೂಡಿಕೊಳ್ಳುತ್ತವೆ, ಮರ್ಕೇಟರ್ ಅವನ್ನು ಕೊನೆತನಕ ಸಮಾನಾಂತರ ಇಟ್ಟ. ಹಾಗಾಗಿ ಉತ್ತರಕ್ಕೆ ಹೋದಷ್ಟೂ ನೆಲ ಅಡ್ಡಕ್ಕೆ ಹಿಗ್ಗುತ್ತದೆ. ಕೋನ ಕೆಡಬಾರದೆಂದು ಉದ್ದಕ್ಕೂ ಅಷ್ಟೇ ಹಿಗ್ಗಿಸಿದ. 60 ಡಿಗ್ರಿ ಅಕ್ಷಾಂಶಕ್ಕೆ ಬರುವಾಗ ವಿಸ್ತೀರ್ಣ ನಾಲ್ಕು ಪಟ್ಟು!

ನಮ್ಮ ಕರ್ನಾಟಕ 1,91,791 ಚದರ ಕಿ.ಮೀ., ಐಸ್‌ಲ್ಯಾಂಡ್ ಸುಮಾರು 1,03,000. ಈ ಪಟದಲ್ಲಿ ಐಸ್‌ಲ್ಯಾಂಡೇ ನಮ್ಮ ಎರಡೂವರೆ ಪಟ್ಟಿಗಿಂತ ದೊಡ್ಡದು.

ಮೂಸಂಬಿ ಸಿಪ್ಪೆಯನ್ನು ಇಡಿಯಾಗಿ ಸುಲಿದು ಮೇಜಿನ ಮೇಲೆ ಒತ್ತಿ ನೋಡಿ, ಅಂಚು ಸೀಳದೆ ಚಪ್ಪಟೆಯಾಗುವುದಿಲ್ಲ. ಆಕಾರ, ಅಳತೆ ಎರಡನ್ನೂ ಉಳಿಸಿ ಗೋಳವನ್ನು ಕಾಗದಕ್ಕಿಳಿಸಲು ಆಗದು ಅನ್ನೋದು ಗಣಿತಜ್ಞ ಗಾಸ್ 1827ರಲ್ಲಿ ಕೊಟ್ಟ ಪ್ರಮೇಯದಿಂದಲೇ ಸಿದ್ಧ. 1973ರಲ್ಲಿ ಜರ್ಮನಿಯ ಇತಿಹಾಸಕಾರ ಆರ್ನೋ ಪೀಟರ್ಸ್ 'ನ್ಯಾಯದ ಪಟ' ಅಂತ ಒಂದು ತಂದರು, ದೊಡ್ಡ ಜಗಳವೇ ಆಯಿತು. ವಿಸ್ತೀರ್ಣವೇನೋ ಸರಿ, ಆಫ್ರಿಕಾ ಮಾತ್ರ ಪಡವಲಕಾಯಿ ಥರ ಜೋತುಬಿದ್ದಿದೆ. (ಸ್ಕಾಟ್ಲೆಂಡಿನ ಪಾದ್ರಿ ಜೇಮ್ಸ್ ಗಾಲ್ ಅದನ್ನೇ 1855ರಲ್ಲಿ ಮಾಡಿದ್ದರು, ಆಗ ಯಾರೂ ಜಗಳ ಆಡಲಿಲ್ಲ.)

ನನ್ನ ಸಿಟ್ಟೇನಿದ್ದರೂ ಗ್ಲೋಬನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುವವರ ಮೇಲೆ. ನಮ್ಮ ಶಾಲೆಯಲ್ಲಿ ಅದು ಹೊರಗೆ ಬರುತ್ತಿದ್ದದ್ದು ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ. ಕೈಯಲ್ಲಿ ಮುಟ್ಟಿದ್ದು ನೆನಪೇ ಇಲ್ಲ.

ಮೊನ್ನೆ ಅಕ್ಕನ ಮಗನಿಗೆ ಗ್ಲೋಬ್ ಕೊಟ್ಟು, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಯಾಗಿ ಹಿಡಿ ಅಂದೆ. ಪೆಸಿಫಿಕ್ ಮೇಲೆ ಅಡ್ಡಕ್ಕೆ ಹೋಗುತ್ತೆ ಅಂದುಕೊಂಡಿದ್ದ. ದಾರ ಚೀನಾ, ಸೈಬೀರಿಯಾ ಹತ್ತಿ ಆರ್ಕ್ಟಿಕ್ ವೃತ್ತದೊಳಗೆ ಹೊಕ್ಕು ಅಲಾಸ್ಕಾ ಕಡೆಯಿಂದ ಇಳಿಯಿತು. ಅದೇ ದಾರಿಯನ್ನು ಗೋಡೆಯ ಪಟದಲ್ಲಿ ಬರಿ ಅಂದೆ. ಪೆನ್ಸಿಲ್ ಬಿಲ್ಲಿನ ಹಾಗೆ ಬಾಗುತ್ತಾ ಮೇಲೇರಿ ಸೈಬೀರಿಯಾದ ತುದಿ ಮುಟ್ಟಿತು.

"ಮಾವ, ಪೇಪರ್ ಮುಗಿದೋಯ್ತು."