ಸತ್ಯಾಂಶ: ಫ್ಯಾನ್ ಇದ್ದ ಮಾತ್ರಕ್ಕೆ ವಿಮಾನ ಹಳೇದಲ್ಲ

"ಫ್ಯಾನ್ ತಿರುಗುವ ಏರ್ ಆಂಬುಲೆನ್ಸ್ ಹಳೇ ಕಾಲದ್ದು, ರೋಗಿಗೆ ಜೆಟ್ಟೇ ಬೇಕು" ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಇಂಥ ಫ್ಯಾನ್ ವಿಮಾನ ಸಾಮಾನ್ಯವಾಗಿ ಟರ್ಬೊಪ್ರಾಪ್. ಅದರ ಒಳಗಿರುವುದೂ ಜೆಟ್‌ನಲ್ಲಿರುವಂಥ ಟರ್ಬೈನ್ ಎಂಜಿನ್ನೇ; ಅದು ಪ್ರೊಪೆಲ್ಲರ್ (ಹೊರಗೆ ಕಾಣುವ ಫ್ಯಾನ್) ತಿರುಗಿಸುತ್ತದೆ, ಅಷ್ಟೇ. ಜೆಟ್ ವೇಗ ಜಾಸ್ತಿ, ನಿಜ. ಆದರೆ ರೋಗಿ ಇರುವ ಕಡೆ ಚಿಕ್ಕ ಮಣ್ಣಿನ ರನ್‌ವೇ ಮಾತ್ರ ಇದ್ದರೆ? ಹೆಚ್ಚಿನ ಜೆಟ್‌ಗಳು ಅಲ್ಲಿ ಇಳಿಯಲಾರವು. ಪಿಲಾಟಸ್ ಪಿಸಿ-12, ಕಿಂಗ್ ಏರ್‌ನಂಥ ಟರ್ಬೊಪ್ರಾಪ್‌ಗಳು ಇಳಿಯುತ್ತವೆ.

ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬಾಗಿಲು. ಪಿಸಿ-12ರ ಹಿಂಬಾಗಿಲು ಸುಮಾರು 1.35 ಮೀಟರ್ ಅಗಲ. ಸ್ಟ್ರೆಚರ್ ವಾಲಿಸದೆ, ಡ್ರಿಪ್ ಕಳಚದೆ ಸೀದಾ ಒಳಗೆ ಹೋಗುತ್ತದೆ.

ಆಮೇಲೆ ಕ್ಯಾಬಿನ್ ಒತ್ತಡ, ಅಂದರೆ ವಿಮಾನದ ಒಳಗಿನ ಗಾಳಿಯ ಒತ್ತಡ. ವಿಮಾನ ಮೇಲೇರಿದಂತೆ ಇದು ಇಳಿಯುತ್ತದೆ. ಎದೆಗೂಡಲ್ಲಿ ಗಾಳಿ ಸೇರಿಕೊಂಡಿರುವ ರೋಗಿಗೆ ಒತ್ತಡ ಇಳಿದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನು ಅದುಮುತ್ತದೆ. ಹಾಗಾಗಿ ತಗ್ಗಿನಲ್ಲೇ ಹಾರಬೇಕಾಗಬಹುದು. ಅಲ್ಲಿ ಜೆಟ್ ಇಂಧನ ತುಂಬಾ ಕುಡಿಯುತ್ತದೆ; ಟರ್ಬೊಪ್ರಾಪ್ ಅಷ್ಟು ಕುಡಿಯುವುದಿಲ್ಲ.