ಗೂಡ್ಸ್ ಗಾಡಿಯಲ್ಲಿ ಒಂದು ಗೂಡು

ಆ ವಿಡಿಯೋ ನಿಮಗೂ ಬಂದಿರುತ್ತದೆ, ನಾನು ಬಿಡಿಸಿ ಹೇಳೋದು ಬೇಡ. ಸಾಮಾನು ಸಾಗಿಸುವ ಡಬ್ಬಿ ಟ್ರೇಲರನ್ನೇ ಕ್ಯಾಂಪರ್, ಅಂದರೆ ಊರೂರಿಗೆ ಎಳೆದುಕೊಂಡು ಹೋಗಿ ಮಲಗೋ ಗಾಡಿ, ಮಾಡಿದ್ದಾರೆ. ಅದರೊಳಗೆ ಮೆತ್ತನೆ ಹಾಸಿಗೆ, ಮಿಣಮಿಣ ಸೀರಿಯಲ್ ಲೈಟು, ಬಾಗಿಲಾಚೆ ಮಂಜು, ಹಿಂದೆ ಕೊಳಲು, ಮಗ್ಗಿನಲ್ಲಿ ಕಾಫಿ. ಕಾಫಿಯಿಂದ ಹಬೆ ಮಾತ್ರ ಏಳುತ್ತದೆ, ಕುಡಿಯೋದನ್ನು ಯಾರೂ ತೋರಿಸೋದಿಲ್ಲ. ಕೆಳಗೆ ‘ಮಲೆನಾಡಿನ ಮಡಿಲಲ್ಲಿ’ ಅಂತ ಬರೆದಿರುತ್ತದೆ. ನಮ್ಮ ಮಲೆನಾಡಿನ ಮಡಿಲು ಎಷ್ಟು ದೊಡ್ಡದು ಅಂದರೆ, ಅರ್ಧ ಬೆಂಗಳೂರು ಶನಿವಾರ ಬಂದು ಅದರಲ್ಲಿ ಕೂತು, ಭಾನುವಾರ ಸಂಜೆ ಚಿಪ್ಸ್ ಪ್ಯಾಕೆಟ್ ಅಲ್ಲೇ ಬಿಟ್ಟು ಎದ್ದು ಹೋಗುತ್ತದೆ.

ಇರಲಿ. ನೋಡಿ ಸುಮ್ನೆ ಇದ್ದುಬಿಡುತ್ತಿದ್ದೆ. ಆದರೆ ನಮ್ಮ ಅಕ್ಕನ ಮಗನೂ ನೋಡಿದ.

ಅವನು ಬೆಂಗಳೂರಿನ ಕೆಲಸವನ್ನು ತೀರ್ಥಹಳ್ಳಿ ಕಡೆಯ ಮನೆಯ ಜಗಲಿಯಲ್ಲಿ ಕೂತು ಮಾಡುವವನು. ದಿನದಲ್ಲಿ ಅರ್ಧ ಹೊತ್ತು ನೆಟ್‌ವರ್ಕ್ ಹುಡುಕುತ್ತಾನೆ, ಉಳಿದರ್ಧ ಕೆಲಸ. ಅಡುಗೆ ಕಂಟ್ರಾಕ್ಟ್ ಮಾಡುವ ಯಾರೋ ಮಾರುತ್ತಿದ್ದ ಡಬ್ಬಿ ಟ್ರೇಲರ್ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. 8 ಅಡಿ ಉದ್ದ, 5 ಅಡಿ ಅಗಲ, ಸುತ್ತ ತಗಡು, ಹಿಂದೆ ಎರಡು ಬಾಗಿಲು. ಒಳಗೆ ಹೊಕ್ಕರೆ ಇನ್ನೂ ಮದುವೆ ಮನೆ ಸಾರಿನ ವಾಸನೆ. ಎರಡು ಸಲ ಫಿನೈಲ್ ಹಾಕಿ ತೊಳೆದ ಮೇಲೆ ಸಾರಿಗೆ ಫಿನೈಲ್ ಬಿದ್ದ ವಾಸನೆ.

‘ಮಾವ, ಅಮೆರಿಕಾದಲ್ಲಿ ಎಷ್ಟು ಜನ ಇದನ್ನೇ ಮಾಡ್ತಾರೆ ಗೊತ್ತಾ’ ಅಂದ.

ಮಾಡುತ್ತಾರೆ, ಸುಳ್ಳಲ್ಲ. ಅಲ್ಲಿ 6 ಅಡಿ ಅಗಲ, 12 ಅಡಿ ಉದ್ದದ ಡಬ್ಬಿ ಟ್ರೇಲರ್ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ತಂದು, ಗೋಡೆಯ ತಗಡಿಗೂ ಪ್ಲೈವುಡ್ಡಿಗೂ ನಡುವೆ ಫೋಮ್ ತುರುಕಿ, ಚಾವಣಿಯಲ್ಲಿ 14 ಇಂಚು ಚೌಕದ ತೂತು ಕೊರೆದು ಫ್ಯಾನ್ ಕೂರಿಸಿ, ಒಂದು ಮಂಚ ಹೊಡೆದು ಹೊರಟುಬಿಡುತ್ತಾರೆ. ಹೊರಡೋಕೆ ಅಷ್ಟು ದೊಡ್ಡ ದೇಶ ಇದೆ. ನಿಲ್ಲಿಸೋಕೆ ಜಾಗ, ಆ ಜಾಗದಲ್ಲಿ ಕರೆಂಟು, ನೀರು, ಕಕ್ಕಸಿನ ಡಬ್ಬ ಖಾಲಿ ಮಾಡೋಕೆ ಬೇರೆ ಗುಂಡಿ. ನಮ್ಮಲ್ಲಿ ಬಸ್‌ಸ್ಟ್ಯಾಂಡಿನ ಕಕ್ಕಸಿಗೇ ಬೀಗ, ಬೀಗದ ಕೈ ಇರುವವನು ಊಟಕ್ಕೆ ಹೋಗಿರುತ್ತಾನೆ. ಅವನಷ್ಟು ನಿಧಾನವಾಗಿ ಊಟ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ಆದರೂ ಹುಡುಗ ಕೈ ಹಚ್ಚಿದ. ಫೋಮ್ ಬಂತು, ಪ್ಲೈವುಡ್ ಬಂತು, ಬಡಗಿ ಬಂದ, ಬಡಗಿಗೆ ಕಾಫಿ ಹೋಯಿತು, ಬಡಗಿ ಹೋದ, ನಾಲ್ಕು ದಿನ ಬರಲಿಲ್ಲ. ಅಂತೂ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಚಾವಣಿಯ ಫೋಮ್ ಒಂದು ಬಿಟ್ಟು ಎಲ್ಲ ಮುಗಿಯಿತು. ಅಂಗಳದಲ್ಲೇ ಗೆಳೆಯನೊಬ್ಬನ ಜೊತೆ ಮೊದಲ ರಾತ್ರಿ ಮಲಗಿದ. ಬೆಳಿಗ್ಗೆ ಎದ್ದರೆ ದಿಂಬು ಒದ್ದೆ. ಚಾವಣಿಯಿಂದ ತೊಟ್ಟಿಕ್ಕುತ್ತಿದೆ. ಸೋರುತ್ತಿದೆ ಅಂತ ಮೇಲೆ ಹತ್ತಿ ಎಲ್ಲ ಜಾಯಿಂಟಿಗೂ ಸೀಲಂಟ್ ಬಳಿದ. ಮರುದಿನ ಇನ್ನೂ ಜಾಸ್ತಿ ತೊಟ್ಟಿಕ್ಕಿತು. ಮಳೆಯಲ್ಲ ಮಾರಾಯ್ರೆ, ಅವರದೇ ಉಸಿರು! ಇಬ್ಬರು ರಾತ್ರಿಯೆಲ್ಲ ಬಿಟ್ಟ ಉಸಿರಿನ ಪಸೆ ತಣ್ಣನೆ ತಗಡಿಗೆ ತಾಗಿ, ಹನಿಗಟ್ಟಿ, ವಾಪಸ್ ಅವರ ಹಣೆ ಮೇಲೇ ಬೀಳುತ್ತಿತ್ತು. ಸೀಲಂಟ್ ಬಳಿದು ಇದ್ದ ಸಂದಿಯನ್ನೂ ಮುಚ್ಚಿದ್ದ. ಫ್ಯಾನಿನ ಮುಚ್ಚಳ ತೆರೆದರೆ ಮಳೆ, ಮುಚ್ಚಿದರೆ ಬೆವರು.

ಅವನ ಅಜ್ಜಿ, ಅಂದರೆ ನಮ್ಮ ಅಮ್ಮ, ಪಾಪ, ‘ಒಂದು ಅಗ್ಗಿಷ್ಟಿಕೆ ಇಡ್ಲಾ ಮಗಾ, ಬೆಚ್ಚಗಿರ್ತದೆ’ ಅಂತ ಕೆಂಡ ಹಿಡಿದು ಬಂದೇಬಿಟ್ಟಳು. ನಾವೆಲ್ಲ ಒಟ್ಟಿಗೆ ಕೂಗಿಕೊಂಡೆವು. ಮುಚ್ಚಿದ ಡಬ್ಬಿಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನೋ ಸುದ್ದಿ ಚಳಿಗಾಲದಲ್ಲಿ ಪೇಪರಿನ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಗ್ಯಾಸಿಗೆ ವಾಸನೆ ಇಲ್ಲ. ಅಮ್ಮನಿಗೆ ಬೇಜಾರಾಯಿತು. ‘ಹಂಚಿನ ಮನೇಲಿ ಇಷ್ಟು ವರ್ಷ ಇಟ್ಟೀವಿ, ಎಂತ ಆಗಿದೆ?’ ಅಂದಳು. ಅದೇ ತಾನೇ ವಿಷಯ. ಹಂಚಿನ ಮನೆ ಉಸಿರಾಡುತ್ತದೆ, ಈ ಡಬ್ಬಿ ಉಸಿರು ಹಿಡಿದು ಕೂರುತ್ತದೆ.

ಮಾತು ಬಂತು ಅಂತ ಹೇಳುತ್ತೇನೆ. ಮಲೆನಾಡಿನಲ್ಲಿ ಮನೆ ಅಂದರೆ ಬಟ್ಟೆ ಒಣಗಿಸುವ ಯಂತ್ರ. ಅದರಲ್ಲಿ ಮನುಷ್ಯರೂ ಇರುತ್ತಾರೆ, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲ ಒಲೆ ಆರುವ ಹಾಗಿಲ್ಲ. ಒಲೆಯ ಮೇಲೆ ಬಿದಿರ ಗಳ, ಗಳದ ಮೇಲೆ ಮನೆಯವರೆಲ್ಲರ ಒಳಚಡ್ಡಿ ವಯಸ್ಸಿನ ಪ್ರಕಾರ ಸಾಲಾಗಿ ನೇತಾಡುತ್ತಿರುತ್ತದೆ. ಊರಿನ ಯಾರು ಬೆಂಗಳೂರಿನ ಆಫೀಸಿನಲ್ಲಿ ಪಕ್ಕ ಬಂದು ನಿಂತರೂ ನಾನು ಗುರುತು ಹಿಡಿಯುತ್ತೇನೆ, ಅಂಗಿಯಲ್ಲಿ ಹೊಗೆ ವಾಸನೆ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಂಡು ಅಲ್ಲಿಗೆ ಹೋಗಿ ತಗಡಿನ ಡಬ್ಬಿಯಲ್ಲಿ ನಾಲ್ಕು ದಿನ ಇರುತ್ತೇನೆ ಅನ್ನುವವನ ಧೈರ್ಯಕ್ಕೆ ನಮಸ್ಕಾರ. ಆದರೆ ಚಡ್ಡಿ ಎಲ್ಲಿ ಒಣಗಿಸುತ್ತೀಯಪ್ಪ? ಯಾವ ವಿಡಿಯೋದಲ್ಲೂ ಇದಕ್ಕೆ ಉತ್ತರ ಇಲ್ಲ.

ಕೆಟಲ್ ಅಂದೆ. 12 ವೋಲ್ಟಿನ, 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ತಂದಿದ್ದ. ಲೆಕ್ಕಕ್ಕೆ ಅದರಲ್ಲಿ ಸುಮಾರು 1,200 ವ್ಯಾಟ್ ಅವರ್ ಇರುತ್ತದೆ. 1,800 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಮುಕ್ಕಾಲು ಗಂಟೆಯೂ ಬರೋದಿಲ್ಲ. ಅನ್ನ ಆದೀತು, ಸಾರಿಗೆ ಕತ್ತಲೆ. ತುಂಬಿಸೋಕೆ ಮೇಲೆ 100 ವ್ಯಾಟಿನ ಸೋಲಾರ್ ಫಲಕ. ಸೋಲಾರ್! ಆರಿದ್ರಾ, ಪುನರ್ವಸು, ಪುಷ್ಯ ಮಳೆ ಮೂರೂ ಮುಗಿಯುವ ತನಕ ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಅಂತ ಕ್ಯಾಲೆಂಡರ್ ನೋಡಿ ತಿಳಿಯಬೇಕಾದ ಊರು ಇದು.

‘ಸರಿ, ಮಳೆಗಾಲ ಬೇಡ. ಬೇಸಿಗೆಗೆ ಕಾಡೊಳಗೆ ಹೋಗ್ತೀನಿ’ ಅಂದ. ಮಳೆಗಾಲದಲ್ಲಿ ಉಂಬಳ ರಕ್ತ ಹೀರಿ ಬಿಟ್ಟುಬಿಡುತ್ತದೆ, ಸುಣ್ಣ ಮುಟ್ಟಿಸಿದರೆ ಬೀಳುತ್ತದೆ, ಒಳ್ಳೆಯ ಪ್ರಾಣಿ. ಬೇಸಿಗೆಯದು ಉಣುಗು, ಅದು ಕಚ್ಚಿದರೆ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಅದು. ಈಗಲೂ ಡಿಸೆಂಬರ್ ಬಂತೆಂದರೆ ತರಗೆಲೆ ತರೋಕೆ ಹೋಗುವ ಹೆಂಗಸರು ಕೈಕಾಲಿಗೆ ಎಣ್ಣೆ ಸವರಿಕೊಂಡೇ ಹೋಗುತ್ತಾರೆ. ಇದ್ದ ಒಂದು ಲಸಿಕೆಯೂ ಸಾಲದು ಅಂತ ನಿಂತುಹೋಗಿದೆ. ಇಡೀ ಜಗತ್ತು ಆ ಕಾಯಿಲೆಗೆ ನಮ್ಮ ಕಾಡಿನ ಹೆಸರೇ ಇಟ್ಟಿದೆ. ಪ್ರವಾಸಿಗರನ್ನು ಕರೆಯುವ ಬೋರ್ಡಿನಲ್ಲಿ ಮಾತ್ರ ಯಾಕೋ ಇದನ್ನು ಹಾಕೋದಿಲ್ಲ.

ಎಳೆದುಕೊಂಡು ಹೋಗೋದು ಇನ್ನೊಂದು ಕಥೆ. 100 ಲೀಟರಿನ ನೀರಿನ ಟ್ಯಾಂಕನ್ನು ಹಿಂದಿನ ಬಾಗಿಲ ಪಕ್ಕ ಕೂರಿಸಿದ್ದ, ನಲ್ಲಿ ಹೊರಗೆ ಬರಲಿ ಅಂತ. 100 ಲೀಟರ್ ಅಂದರೆ 100 ಕೆಜಿ. ಇಳಿಜಾರಿನಲ್ಲಿ ಟ್ರೇಲರ್ ಎಮ್ಮೆ ಬಾಲದ ಹಾಗೆ ಆಡೋಕೆ ಶುರುವಾಯಿತು. ಒಟ್ಟು ಭಾರದಲ್ಲಿ ಶೇಕಡಾ 10ರಿಂದ 15 ಮುಂದಿನ ಕೊಕ್ಕೆಯ ಮೇಲೆ ಕೂರಬೇಕು ಅಂತ ಆಮೇಲೆ ಓದಿದನಂತೆ. ಎತ್ತಿನ ಗಾಡಿ ಹೂಡಿದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ ಅಂತ. ನಮ್ಮ ಭಾವನವರು ಅದನ್ನೇ ಹೇಳಿದರು. ಅಪ್ಪ ಹೇಳಿದರೆ ಮಾಹಿತಿ ಅಲ್ಲವಲ್ಲ.

ಇಷ್ಟೆಲ್ಲ ಆದ ಮೇಲೆ ಅವನಿಗೆ ಕಾಗದಪತ್ರ ಸರಿಯಾಗಿರಬೇಕು ಅಂತ ಅನ್ನಿಸಿತು. ಅಲ್ಲಿಗೆ ತಮಾಷೆ ಹೋಗಿ ಕಾನೂನು ಬಂತು.

ಮೋಟಾರೇ ಇಲ್ಲದ ಟ್ರೇಲರ್ ಕೂಡ 1988ರ ಕಾಯಿದೆ ಪ್ರಕಾರ ಮೋಟಾರು ವಾಹನ. ಅದಕ್ಕೆ ನಂಬರ್ ಬೇಕು, ಆರ್‌ಸಿ ಬೇಕು. ಆರ್‌ಸಿಯಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಸೆಕ್ಷನ್ 52 ಹೇಳುತ್ತದೆ. 2019ರ ತಿದ್ದುಪಡಿ ಆದ ಮೇಲೆ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅವತ್ತು ಸಂಜೆ ಜಗಲಿಯಲ್ಲಿ ಅಡಿಕೆ ಇಟ್ಟುಕೊಂಡು ಲೆಕ್ಕ ಹಾಕಿದೆವು. ಕಿಟಕಿಗೆ ಒಂದು ಅಡಿಕೆ, ಚಾವಣಿ ತೂತಿಗೆ ಒಂದು, ಮಂಚ, ಫೋಮ್, ಟ್ಯಾಂಕು, ಬ್ಯಾಟರಿ, ಸೋಲಾರ್. ಏಳು ಅಡಿಕೆ, 35,000. ‘ಟವೆಲ್ ನೇತು ಹಾಕೋ ಮೊಳೆ?’ ಅಂದಳು ಅಕ್ಕ. ಮೊಳೆ ಮಾರ್ಪಾಡೋ ಅಲ್ಲವೋ ಅಂತ ರಾತ್ರಿ ಊಟದವರೆಗೂ ವಾದ ನಡೆಯಿತು. ಭಾವ ಎಂಟನೆಯದಕ್ಕಿಟ್ಟ ಅಡಿಕೆಯನ್ನು ಕತ್ತರಿಸಿ ಬಾಯಿಗೆ ಹಾಕಿಕೊಂಡರು, ಕೇಸು ವಜಾ ಆಯಿತು.

ಮರುದಿನ ಆರ್‌ಟಿಒ ಕಚೇರಿಗೆ ಹೋದೆವು. ಯಾವ ಊರಿನ ಕಚೇರಿ ಅಂತ ಕೇಳಬೇಡಿ, ಎಲ್ಲ ಊರಿನದೂ ಅದೇ.

‘ಇದು ಎಂತ?’

‘ಕ್ಯಾಂಪರ್ ಸರ್.’

‘ಆರ್‌ಸಿಯಲ್ಲಿ ಗೂಡ್ಸ್ ಅಂತ ಇದೆಯಲ್ರೀ.’

‘ಒಳಗೆ ಮಂಚ ಹಾಕಿಸಿದೀನಿ ಸರ್.’

‘ಮಂಚ ಗೂಡ್ಸ್ ಅಲ್ವಾ?’

‘ಹೌದು ಸರ್.’

‘ಹಾಗಾದ್ರೆ ತೊಂದರೆ ಇಲ್ಲ. ಮಂಚದ ಮೇಲೆ ನೀವು ಮಲಗಬಾರದು, ಅಷ್ಟೇ.’

ಹುಡುಗ ಬಿಡಲಿಲ್ಲ. ಕೇಂದ್ರ ಸರ್ಕಾರ 2004ರಲ್ಲಿ ಹೊರಡಿಸಿದ ವಾಹನಗಳ ಪಟ್ಟಿಯನ್ನು ಫೋನಿನಲ್ಲಿ ತೆಗೆದು ತೋರಿಸಿದ. ಅದರಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್ ಅಂತ ಬೇರೆ ವರ್ಗವೇ ಇದೆ. ಸಾಹೇಬರು ಕನ್ನಡಕ ಏರಿಸಿ ಓದಿದರು. ‘ಇದೆ. ಆದರೆ ಇದಕ್ಕೆ ಇದುವರೆಗೆ ಯಾರೂ ಬಂದಿಲ್ಲ’ ಅಂದರು. ‘ನಾನು ಬಂದಿದೀನಲ್ಲ ಸರ್.’ ‘ನೀವು ಗೂಡ್ಸ್ ಆಗಿ ಬಂದಿದೀರಿ.’ ಆಮೇಲೆ ಮಾದರಿಗೆ ಒಪ್ಪಿಗೆ ಬೇಕು, ಪುಣೆಯ ಪರೀಕ್ಷಾ ಸಂಸ್ಥೆಯಿಂದ ಅಂದರು, ಪಕ್ಕದ ಟೇಬಲಿನವರು ಬೇಡ ಅಂದರು, ಅದರ ಪಕ್ಕದವರು ಬುಧವಾರ ಬನ್ನಿ ಅಂದರು. ಬುಧವಾರ ಸಾಹೇಬರು ರಜೆ. ಸುರಕ್ಷತೆಯ ಬಗ್ಗೆ ಇಷ್ಟು ಕಾಳಜಿ ಇರುವ ವ್ಯವಸ್ಥೆ ನೋಡಿ ನನಗೆ ಕಣ್ಣು ತುಂಬಿ ಬಂತು.

ಯಾಕೆಂದರೆ ಆ ಬುಧವಾರ ವಾಪಸ್ ಬರುವಾಗ ನಮ್ಮ ಎದುರಿಗೆ ಇನ್ನೊಂದು ಕ್ಯಾಂಪರ್ ಬಂತು. ಟಿಲ್ಲರ್ ಟ್ರೇಲರ್. ಅದರಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ಹಾಸಿಗೆ, ಮೇಲೆ ನೀಲಿ ಟಾರ್ಪಾಲ್, ಒಳಗೆ ಮೇಲಿನ ಕೇರಿಯ ಅಜ್ಜಿ, ಪಕ್ಕದಲ್ಲಿ ಕೊಡೆ ಹಿಡಿದ ಸೊಸೆ. ಅವರ ಮನೆಗೆ ಆಂಬುಲೆನ್ಸ್ ಇಳಿಯೋದಿಲ್ಲ, ರಸ್ತೆ ಇಲ್ಲ. ಹಳ್ಳಕ್ಕೆ ಇರೋದು ಅಡಿಕೆ ಮರದ ಕಾಲುಸಂಕ. ಅಲ್ಲಿಯವರೆಗೆ ಕಂಬಳಿ ಜೋಲಿಯಲ್ಲಿ ಹೊತ್ತು ತಂದು, ಆಮೇಲೆ ಟಿಲ್ಲರ್. ಇದನ್ನು ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಆ ಟ್ರೇಲರಿಗೆ ಎಷ್ಟು ಮಾರ್ಪಾಡು ಆಗಿದೆ ಅಂತ ಯಾರೂ ಎಣಿಸಲಿಲ್ಲ. ಯಾರೂ ನಿಲ್ಲಿಸಲಿಲ್ಲ. ಅಜ್ಜಿ ಗೂಡ್ಸೋ ಪ್ಯಾಸೆಂಜರೋ ಅಂತ ಕೇಳಲಿಲ್ಲ. ಹಾಗಂತ ನಿಲ್ಲಿಸಿ ದಂಡ ಹಾಕಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಒಂದು ಸಂಕ ಕಟ್ಟಿ ಸಾಕು. ಪ್ರತಿ ಚುನಾವಣೆಯಲ್ಲೂ ಅಳತೆ ಟೇಪು ಹಿಡಿದುಕೊಂಡು ಬರುತ್ತಾರೆ, ಅಳೆಯುತ್ತಾರೆ, ಹೋಗುತ್ತಾರೆ. ಆ ಹಳ್ಳದ ಅಗಲ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ ಆಗಿದೆ. ರಸ್ತೆ ಕೆಲಸಕ್ಕೆ ದೂರದಿಂದ ಬಂದವರು ಸಂಸಾರ ಸಮೇತ ತಗಡಿನ ಡಬ್ಬಿಯಲ್ಲಿ ಎರಡು ಮಳೆಗಾಲ ಕಳೆದರು, ಫೋಮೂ ಇಲ್ಲ, ಫ್ಯಾನೂ ಇಲ್ಲ. ಅವರ ಹಣೆ ಮೇಲೂ ಹನಿ ಬಿದ್ದಿರಬೇಕು. ಅದರ ವಿಡಿಯೋ ಯಾರೂ ಮಾಡಲಿಲ್ಲ. ಕೊಳಲು ಹಾಕಿದರೂ ಓಡೋದಿಲ್ಲ ಅದು.

ಅಜ್ಜಿ ಈಗ ಆರಾಮಾಗಿದ್ದಾಳೆ. ವಾಪಸ್ಸೂ ಅದೇ ಗಾಡಿಯಲ್ಲಿ ಬಂದಳು.

ನಮ್ಮ ಹುಡುಗನ ಕ್ಯಾಂಪರ್ ಕೊಟ್ಟಿಗೆ ಪಕ್ಕ ನಿಂತಿದೆ. ದಿಂಬಿಗೆ ಬೂಸ್ಟು ಹಿಡಿದಿದೆ. ಸೀರಿಯಲ್ ಲೈಟು ಗಣಪತಿ ಹಬ್ಬಕ್ಕೆ ಹೋಯಿತು, ಬ್ಯಾಟರಿ ಮನೆಯೊಳಗೆ ಬಂತು, ಕರೆಂಟು ಹೋದಾಗ ಅಮ್ಮ ಅದರಲ್ಲೇ ಧಾರಾವಾಹಿ ನೋಡುತ್ತಾಳೆ. ಮಂಚದ ಮೇಲೆ ನಾಯಿ ಮಲಗುತ್ತದೆ. ಮೊನ್ನೆ ಕಚೇರಿಯಿಂದ ಫೋನ್ ಬಂತು, ಅರ್ಜಿ ಮೇಲೆ ಬಂದಿದೆಯಂತೆ. ಭಾವ ಎತ್ತಿದರು.

‘ಆ ಟ್ರೇಲರಲ್ಲಿ ಈಗ ಯಾರಾದ್ರೂ ಮಲಗ್ತಾ ಇದಾರಾ?’

‘ಇಲ್ಲ ಸ್ವಾಮಿ, ನಾಯಿ ಮಲಗ್ತದೆ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪುಟ ತಿರುವುವ ಸದ್ದು ಕೇಳಿಸಿತು.

‘ಒಂದು ನಿಮಿಷ ಇರಿ’ ಅಂದರಂತೆ, ‘ನಾಯಿ ಯಾವುದರಲ್ಲಿ ಬರ್ತದೆ ಅಂತ ಕೇಳಿ ಹೇಳ್ತೀನಿ.’